ಕುದುರೆ ತೊಟ್ಟಿಲು ತರಲು ಹೋದವರು

ಕುಲಗೋಡ

ಜನ ಪರದೇಶಕ್ಕೆ ಹಿಮ ನೋಡಲು ಹೋಗುತ್ತಾರೆ, ದೊಡ್ಡ ದೊಡ್ಡ ಕಟ್ಟಡ ನೋಡಲು ಹೋಗುತ್ತಾರೆ. ನಾನು ಮತ್ತು ನೇಮಣ್ಣ ಕಾಕಾ ಡೆನ್ಮಾರ್ಕಿಗೆ ಹೋದದ್ದು ಒಂದು ಕುದುರೆ ತೊಟ್ಟಿಲು ತರಲಿಕ್ಕೆ. ನಡುವೆ ಒಂದು ಕಂಬ, ಸುತ್ತ ಕಟ್ಟಿಗೆಯ ಕುದುರೆಗಳು, ಮಕ್ಕಳು ಹತ್ತಿ ಕುಳಿತರೆ ಗರಗರ ತಿರುಗುತ್ತದಲ್ಲ, ಅದು. ಪಾಸ್‌ಪೋರ್ಟಿನ ಸಾಹೇಬರಿಗೆ ಹೀಗೆಂದು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನಮ್ಮಿಬ್ಬರ ಮುಖ ನೋಡಿದರು. ನನ್ನ ಹೆಂಡತಿಯಂತೂ ಮೂರು ದಿನ ನಕ್ಕಳು.

ಕಾಕಾ ನನಗೆ ಸಂಬಂಧಿಯಲ್ಲ, ಊರಿಗೆಲ್ಲ ಕಾಕಾ. ಕುಲಗೋಡದ ಜೈನ ರೈತ, ಅರವತ್ತು ದಾಟಿದ ಮನುಷ್ಯ, ಬಿಳಿ ಧೋತರ, ಬಿಳಿ ಟೊಪ್ಪಿಗೆ. ಅವರ ಕಬ್ಬಿನ ಗಾಣವನ್ನು ಒಂದು ಕಾಲಕ್ಕೆ ಎತ್ತುಗಳು ತಿರುಗಿಸುತ್ತಿದ್ದವು. ಕರೆಂಟು ಬಂತು, ಗಾಣಕ್ಕೆ ಮೋಟಾರು ಬಂತು, ಎತ್ತುಗಳಿಗೆ ಕೆಲಸ ತಪ್ಪಿತು. ಕೆಲಸವಿಲ್ಲದಿದ್ದರೂ ಅವು ಮುಂಜಾನೆ ಎದ್ದು ತಾವಾಗಿಯೇ ಗಾಣದ ಸುತ್ತಿನಲ್ಲಿ ಹೋಗಿ ನಿಲ್ಲುತ್ತಿದ್ದವಂತೆ. ಕಾಕಾನಿಗೆ ಅದನ್ನು ನೋಡಲಾಗಲಿಲ್ಲ. ಹಳೆಯ ತೊಲೆಗೆ ನಾಲ್ಕು ಹಲಗೆ ಕಟ್ಟಿ, ರಸ ಕುಡಿಯಲು ಬಂದ ಮಕ್ಕಳನ್ನು ಅದರ ಮೇಲೆ ಕೂರಿಸಿ, ಎತ್ತು ಹೂಡಿದರು. ಪಾರ್ಕು ಶುರುವಾದದ್ದು ಅಷ್ಟರಿಂದಲೇ.

ಮರುವರ್ಷ ಬೆಲ್ಲ ಕಾಯಿಸುವ ಹಳೆಯ ಕಡಾಯಿಯ ತಗಡು ಬಡಿಸಿ ಜಾರುಬಂಡಿ ಮಾಡಿದರು. ಆಮೇಲೆ ಈಸಾಡಲು ಒಂದು ತೊಟ್ಟಿ, ಸಾಲಾಗಿ ಜೋಕಾಲಿ, ಮಾವಿನ ಗಿಡಗಳ ಸುತ್ತ ಓಡುವ ಪುಟ್ಟ ರೈಲು. ತೊಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ರವಿವಾರ ಬಂದರೆ ಸಾಕು, ಹುಕ್ಕೇರಿಯವರು ಟೆಂಪೋ ಮಾಡಿಕೊಂಡು ಬರುತ್ತಿದ್ದರು. ಗೋಕಾಕದಲ್ಲಿ ಫಾಲ್ಸ್ ನೋಡಿದವರು ಹಾಗೆಯೇ ಬಸ್ಸು ಹತ್ತುತ್ತಿದ್ದರು. ಕೌಜಲಗಿ, ತುಕ್ಕಾನಟ್ಟಿಯ ಸಾಲಿ ಮಕ್ಕಳ ಟ್ರಿಪ್ಪು ಇಲ್ಲಿಗೇ. ಕಾಕಾ ಬಾಗಿಲಿಗೆ ಬೋರ್ಡು ಹಾಕಿಸಲಿಲ್ಲ, ಜನರೇ ಗಾಣದ ಪಾರ್ಕು ಅಂದರು.

ಆದರೆ ಎತ್ತುಗಳಿಗೂ ವಯಸ್ಸಾಗುತ್ತದೆ. ಒಂದು ಸತ್ತಿತು, ಇನ್ನೊಂದು ಮಲಗಿದಲ್ಲಿಂದ ಏಳಲಿಲ್ಲ. ಹೊಸ ಜೋಡಿ ತರ್ರಿ ಎಂದು ನಾನು ಅಂದರೆ ಕಾಕಾ ಒಪ್ಪಲಿಲ್ಲ. "ಅವು ತಾವಾಗೇ ನಡೀತಿದ್ವು ಮಾಸ್ತರ. ಹೊಸಾವ್ನ ಹೊಡದು ನಡಸಬೇಕು. ಅದು ನನ್ನ ಕೈಲಿ ಆಗೂದಿಲ್ಲ." ಪಾರ್ಕಿನ ನಟ್ಟನಡುವೆ ಒಂದು ದುಂಡನೆಯ ಬಯಲು ಉಳಿಯಿತು. ಮಕ್ಕಳು ಜಾರುಬಂಡಿ ಬಿಟ್ಟು ಅಲ್ಲಿ ಬಂದು ನಿಂತು, "ಎತ್ತ ಎಲ್ಲಿ ಹೋದೂ ಕಾಕಾ?" ಎಂದು ಕೇಳುತ್ತಿದ್ದವು. ಕಾಕಾ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಆ ಬಯಲನ್ನು ಮತ್ತೆ ತಿರುಗಿಸಬೇಕು, ಅದೊಂದೇ ಅವರ ತಲೆಯಲ್ಲಿ.

ಹತ್ತಿರದ ಸಕ್ಕರೆ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದ ಡೆನ್ಮಾರ್ಕಿನ ಒಬ್ಬ ಎಂಜಿನಿಯರು ಒಂದು ದಿನ ಗಾಣದ ಪಾರ್ಕಿನಲ್ಲಿ ರಸ ಕುಡಿಯುತ್ತ, ತಮ್ಮ ಊರಿನ ಸಣ್ಣ ಪಾರ್ಕಿನಲ್ಲಿ ಹಳೆಯ ಕುದುರೆ ತೊಟ್ಟಿಲೊಂದು ಮಾರಾಟಕ್ಕಿದೆ ಎಂದು ಹೇಳಿದ. ಊರಿಗೆ ಹೋಗಿ ಫೋಟೋ ಕಳಿಸಿದ. ಪತ್ರ ಹೋದವು, ಬಂದವು, ಮಾತು ಮುಗಿಯಿತು. ಹೋಗಿ, ನೋಡಿ, ಬಿಚ್ಚಿಸಿ, ಹಡಗಿಗೆ ಹಾಕಿಸಿ ಬರುವುದಷ್ಟೇ ಉಳಿದಿತ್ತು.

ಕಾಕಾ ನನ್ನನ್ನು ಕರೆದುಕೊಂಡು ಹೊರಟದ್ದಕ್ಕೆ ಎರಡು ಕಾರಣ. ನಾನು ಗೋಕಾಕದ ಗೊಂಬೆ ಮಾಡುವವರ ಮನೆಯವ, ಕಟ್ಟಿಗೆ ಗೊತ್ತು. ಮೂಡಲಗಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ, ಇಂಗ್ಲಿಷ್ ಗೊತ್ತು. ಕಟ್ಟಿಗೆಯ ಮಾತು ಖರೆ. ಇಂಗ್ಲಿಷಿನ ವಿಷಯದಲ್ಲಿ ಮಾತ್ರ ಕಾಕಾನ ನಂಬಿಕೆ ದೊಡ್ಡದು, ನನ್ನ ಬಂಡವಾಳ ಸಣ್ಣದು. ಇನ್ನೊಂದು ಹೇಳಿಬಿಡುತ್ತೇನೆ. ಅಪ್ಪ ಹಗುರ ಕಟ್ಟಿಗೆಯಲ್ಲಿ ಎತ್ತು, ಹಣ್ಣು, ಗೌರಿ ಕೆತ್ತಿ ನನ್ನನ್ನು ಓದಿಸಿದರು. ನಾನು ಮೊದಲ ಪಗಾರ ಎಣಿಸಿದ ದಿನ ಉಳಿ ಕೆಳಗಿಟ್ಟವ ಮತ್ತೆ ಮುಟ್ಟಲಿಲ್ಲ. ಮಾಸ್ತರಿಕೆಯ ಕೈಗೆ ಕಟ್ಟಿಗೆಯ ಪುಡಿ ಹತ್ತಬಾರದು ಎಂಬ ಒಣ ಜಂಬ ನನ್ನದು.

ಹೊತ್ತು ಮುಳುಗದ ಊರು

ವಿಮಾನದಲ್ಲಿ ಕಾಕಾ ತಂದ ಊಟ ಒಂದು ಅರಿವೆಯ ಗಂಟಿನಲ್ಲಿತ್ತು: ಖಡಕ್ ರೊಟ್ಟಿ, ಅಗಸಿ ಚಟ್ನಿ. ವಿಮಾನ ಇಳಿದ ಮೇಲೆ ತಪಾಸಣೆಯವನು ಗಂಟು ಬಿಚ್ಚಿ, ಒಂದು ರೊಟ್ಟಿ ಎತ್ತಿ, ಬೆರಳಿನಿಂದ ಟಕಟಕ ಬಡಿದ. ಕಾಕಾ ಅದನ್ನು ಅವನ ಕೈಯಿಂದಲೇ ಇಸಿದುಕೊಂಡು, ಮುರಿದು, ಅರ್ಧ ಅವನಿಗೇ ಕೊಟ್ಟರು. "ಸಂಕೋಚ ಮಾಡಬ್ಯಾಡ್ರಿ, ತಿನ್ರಿ." ಅವನು ತಿಂದ! ಡ್ಯೂಟಿಯ ಮೇಲಿದ್ದ ಮನುಷ್ಯ ಹಾಗೆ ತಿಂದದ್ದನ್ನು ನಾನು ಮುಂಬೈಯಲ್ಲಿಯೂ ಕಂಡಿರಲಿಲ್ಲ.

ಅಲ್ಲಿಂದ ರೈಲು, ಆಮೇಲೆ ಬಸ್ಸು. ನಾವು ಮುಟ್ಟಿದ್ದು ದಕ್ಷಿಣದ ಕಡೆಯ ಒಂದು ದ್ವೀಪ. ಅದರ ಹೆಸರನ್ನು ಇವತ್ತಿಗೂ ನನಗೆ ಸರಿಯಾಗಿ ಅನ್ನಲಿಕ್ಕೆ ಬರುವುದಿಲ್ಲ. ಅಂಗೈಯಂಥ ಸಪಾಟು ನೆಲ, ಅದರ ಮೇಲೆ ಹಾಲಿನಂಥ ಮಂಜು, ಮಂಜಿನೊಳಗಿಂದ ಒಂದೊಂದಾಗಿ ಹೊರಬರುವ ಕೆಂಪು ಮನೆಗಳು. ನಿದ್ದೆಗೆಟ್ಟ ಕಣ್ಣಿಗೆ ಬಸ್ಸು ಚಲಿಸುತ್ತಿದೆಯೋ ಮನೆಗಳು ತೇಲುತ್ತಿವೆಯೋ ತಿಳಿಯುತ್ತಿರಲಿಲ್ಲ. ದೂರದಲ್ಲಿ ಎತ್ತರದ ಚಿಮಣಿಯೊಂದು ಕಂಡಾಗ ಕಾಕಾ ನನ್ನ ಮೊಳಕೈ ತಿವಿದರು.

"ಮಾಸ್ತರ, ಸಕ್ಕರಿ ಫ್ಯಾಕ್ಟರಿ ಅದು! ಚಿಮಣಿ ನೋಡಿದ್ರ ಗೊತ್ತಾಗ್ತೈತಿ. ಆದ್ರ ಕಬ್ಬು ಎಲ್ಲೈತ್ರಿ?"

"ಆ ಕಡಿ ಇರಬೇಕ್ರಿ ಕಾಕಾ," ಅಂದೆ. ನನಗೇನು ಗೊತ್ತು? ಮಾಸ್ತರ ಅನಿಸಿಕೊಂಡವನು ಗೊತ್ತಿಲ್ಲ ಅನ್ನಬಾರದು, ಅದು ನಮ್ಮ ವೃತ್ತಿಧರ್ಮ.

ಉಳಿದುಕೊಂಡ ಮನೆಯ ಅಂಗಳದಲ್ಲಿ ಸಂಜೆ ರೊಟ್ಟಿ ಬಿಚ್ಚಿದರೆ ಕಾಕಾ ಬೇಡವೆಂದರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಗಡಿಯಾರ ನೋಡಿದರೆ ಒಂಬತ್ತು. ಆದರೆ ತಲೆಯ ಮೇಲೆ ಬಿಸಿಲು! ಆಮೇಲೆ ತಿಳಿಯಿತು, ಕಾಕಾ ಗಡಿಯಾರವನ್ನು ಕುಲಗೋಡದ ವೇಳೆಗೇ ಬಿಟ್ಟಿದ್ದರು. ದ್ವೀಪದಲ್ಲಿ ಇನ್ನೂ ಐದೂವರೆ. ಸರಿ ಮಾಡಿಕೊಟ್ಟೆ, ಉಂಡರು. ಮುಂದೆ ಆರಾಯಿತು, ಏಳಾಯಿತು, ಎಂಟಾಯಿತು, ಸೂರ್ಯ ಮಾತ್ರ ಹೊಲದ ಅಂಚಿಗೆ ಗಲ್ಲ ಇಟ್ಟುಕೊಂಡು ಕುಳಿತವನು ಏಳವಲ್ಲ. ಗಾಳಿಯಲ್ಲಿ ಉಪ್ಪಿನ ವಾಸನೆ, ಹುಲ್ಲಿನ ಮೇಲೆ ಬಂಗಾರದ ಬೆಳಕು, ಎಲ್ಲಿಯೋ ಒಂದು ಹಕ್ಕಿ. ಮುಂಜಾನೆಯೋ ಸಂಜೆಯೋ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಕಾಕಾ ಎರಡನೆಯ ಸಲ ಊಟಕ್ಕೆ ಕುಳಿತರು.

"ಏನ್ರಿ ಇದು, ಹೊತ್ತ ಮುಣಗವಲ್ದು! ನಮ್ಮಂದಿ ಇಲ್ಲೇ ಹುಟ್ಟಿದ್ರ ಬಾಳ ಚಲೋ ಆಕ್ಕಿತ್ತು ನೋಡ್ರಿ."

ಮರುದಿನ ಮುಂಜಾನೆ ಊರೊಳಗೆ ಹೊರಟಾಗ ಕಾಕಾ ಕಳೆದುಹೋದರು. ಹಿಂದಿರುಗಿ ಹುಡುಕಿದರೆ ಒಂದು ಚಹಾದಂಗಡಿಯ ಹೊರಗೆ ಕೂಸಿನ ಗಾಡಿಯ ಬಾಜೂ ಕಾವಲು ನಿಂತಿದ್ದಾರೆ. ಒಳಗೆ ಕೂಸು ಮಲಗಿದೆ, ಸುತ್ತ ಯಾರೂ ಇಲ್ಲ. "ಯಾರೋ ಮರತ ಹೋಗ್ಯಾರ್ರಿ ಪಾಪ. ತಾಯಿ ಬರೂಮಟ ನಿಲ್ಲೂನು," ಅಂದರು. ನಿಂತೆವು. ಬಹಳ ಹೊತ್ತಿನ ಮೇಲೆ ತಾಯಿ ಚಹಾ ಮುಗಿಸಿ ಹೊರಬಂದಳು. ಧೋತರ ಉಟ್ಟ ಮನುಷ್ಯ ತನ್ನ ಕೂಸಿಗೆ ಟೊಪ್ಪಿಗೆಯಿಂದ ಗಾಳಿ ಹಾಕುತ್ತಿರುವುದನ್ನು ಕಂಡು ಮೊದಲು ಹೌಹಾರಿದಳು, ಆಮೇಲೆ ನಕ್ಕಳು. ಅಲ್ಲಿ ಕೂಸುಗಳನ್ನು ಹೊರಗಿನ ಗಾಳಿಯಲ್ಲಿ ಮಲಗಿಸಿ ತಾಯಂದಿರು ಒಳಗೆ ಕೂರುವುದು ರೂಢಿಯಂತೆ. ಕಾಕಾ ಆ ದಿನವೆಲ್ಲ ಇದನ್ನೇ ನೆನೆದು ತಲೆ ಅಲ್ಲಾಡಿಸಿದರು.

ಕಾರೆನ್ ಅಕ್ಕಾರ

ಪಾರ್ಕಿನ ಒಡತಿಯ ಹೆಸರು ಕಾರೆನ್. ಎಪ್ಪತ್ತರ ಆಸುಪಾಸು, ಮಂಡಿ ನೋವು, ಮಣ್ಣು ಹತ್ತಿದ ದೊಡ್ಡ ಬೂಟು. ಕಾಕಾ ಕೈಮುಗಿದು "ನಮಸ್ಕಾರ್ರಿ ಅಕ್ಕಾರ" ಅಂದರು. ಕಾರೆನ್ನರಿಗೆ ಆ 'ಅಕ್ಕಾರ' ಎಂಬ ಕರೆ ಎಷ್ಟು ಹಿಡಿಸಿತೆಂದರೆ, ಸಂಜೆಯೊಳಗೆ ತಮ್ಮ ಕೆಲಸದವರಿಗೂ ಹಾಗೆ ಕರೆಯಲು ಕಲಿಸಿದರು. ಅವರ ಇಂಗ್ಲಿಷೂ ನನ್ನದರ ಹಾಗೆಯೇ ಕುಂಟುತ್ತಿದ್ದುದರಿಂದ ನಮ್ಮ ಮಾತು ಚೆನ್ನಾಗಿ ನಡೆಯಿತು.

ಪಾರ್ಕು ದೊಡ್ಡದಲ್ಲ. ಒಂದು ಕೆರೆ, ಅದರಲ್ಲಿ ಹಂಸದಾಕಾರದ ದೋಣಿ, ನಾಲ್ಕು ಜೋಕಾಲಿ, ಲಿಂಬಿ ಬಣ್ಣದ ಹೂವಿನ ಬೇಲಿ. ನಡುವೆ ಆ ಕುದುರೆ ತೊಟ್ಟಿಲು. ತಲೆಯ ಮೇಲೆ ಛತ್ರಿಯಂಥ ಮಾಡು, ಕೆಳಗೆ ಹನ್ನೆರಡು ಕುದುರೆ. ಮಂಜಿನೊಳಗೆ ಅದು ಸದ್ದಿಲ್ಲದೆ ತಿರುಗುತ್ತಿತ್ತು. ಕುದುರೆಗಳು ಮಂಜಿನಿಂದ ಹೊರಬಂದು, ನಮ್ಮನ್ನು ನೋಡಿ, ಮತ್ತೆ ಮಂಜಿನೊಳಗೆ ಹೋಗುತ್ತಿದ್ದವು. ನಾವಿಬ್ಬರೂ ಬಾಯಿ ತೆರೆದು ನಿಂತುಬಿಟ್ಟೆವು.

ಇದು ಹುಟ್ಟಿದ್ದು ಹೇಗೆ ಎಂದು ಕೇಳಿದೆ. ಕಾರೆನ್ ಹೇಳಿದರು: "ನಮ್ಮ ಅಜ್ಜ ರೈತ. ಕಾಳು ಒಕ್ಕುವ ಯಂತ್ರವನ್ನು ಆಗ ಕುದುರೆ ಸುತ್ತುತ್ತ ತಿರುಗಿಸುತ್ತಿತ್ತು. ಉಗಿಯ ಯಂತ್ರ ಬಂದ ಮೇಲೆ ಆ ಕುದುರೆಗೆ ಕೆಲಸವಿರಲಿಲ್ಲ. ಅಜ್ಜ ತೊಲೆಗೆ ಹಲಗೆ ಕಟ್ಟಿ ಊರ ಮಕ್ಕಳನ್ನು ಕೂರಿಸಿದ."

ನಾನು ಇದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಂತೆ ಕಾಕಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಸುಳ್ಳ ಹೇಳಬ್ಯಾಡ್ರಿ ಮಾಸ್ತರ. ಅದು ನನ್ನ ಕಥಿ."

"ನಿಮ್ಮ ಮ್ಯಾಲ ಆಣಿ, ಅವರದ ರಿ!"

ಆ ಕುದುರೆ ಸತ್ತ ವರ್ಷ ಅಜ್ಜ ಆಳುದ್ದದ ಗುಂಡಿ ತೋಡಿ ಓಕ್ ಮರದ ಕಂಬ ನೆಟ್ಟನಂತೆ. ಊರಿನ ಬಡಿಗ ಚಳಿಗಾಲದಲ್ಲಿ ಗಾಡಿಯ ಕೆಲಸವಿಲ್ಲದಾಗ ಒಂದೊಂದು ಕುದುರೆ ಕೆತ್ತಿ ಕೊಟ್ಟ. ಹನ್ನೆರಡು ಚಳಿಗಾಲ, ಹನ್ನೆರಡು ಕುದುರೆ. ಅಪ್ಪನ ಕಾಲಕ್ಕೆ ಕೆರೆ, ದೋಣಿ. ಇವರ ಕಾಲಕ್ಕೆ ಜೋಕಾಲಿ, ಚಹಾದ ಮನೆ. ಈಗ ಇವರ ಮಗ ಕಂಬ ಕಿತ್ತು ಆ ಜಾಗದಲ್ಲಿ ಕುಳಿತವರನ್ನು ಜೋರಾಗಿ ಮೇಲಕ್ಕೆಸೆದು ಹಿಡಿಯುವ ಹೊಸ ಯಂತ್ರ ತರುತ್ತಾನಂತೆ. ಸಾವಕಾಶ ತಿರುಗುವುದನ್ನು ಈಗಿನ ಮಕ್ಕಳು ಒಲ್ಲರು ಎಂದು ಅವನ ವಾದ. ಕಾರೆನ್ ಇದನ್ನು ಕೆರೆಯ ಕಡೆ ನೋಡುತ್ತ ಹೇಳಿದರು.

ಚಹಾ ಬಂತು. ಕಾಕಾ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡು, "ಚಾ ನೀರಾಗಿ ಐತಿ, ಸಕ್ಕರಿ ಮಾತ್ರ ಚಲೋ ಐತಿ," ಅಂದರು. ನಾನು ತೊಟ್ಟಿಲಿನ ಅಡಿಗೆ ಅಂಗಾತ ಮಲಗಿ ಕುದುರೆಗಳನ್ನು ಪರೀಕ್ಷಿಸಿದೆ. ಕಟ್ಟಿಗೆ ಗಟ್ಟಿ, ಹುಳ ಇಲ್ಲ. ಆದರೆ ಹೊಟ್ಟೆಯ ಕೆಳಗೆ, ಬಣ್ಣ ಮುಟ್ಟದ ಜಾಗದಲ್ಲಿ, ಉಳಿಯ ಗುರುತು ಒಂದೊಂದು ಒಂದೊಂದು ಕಡೆ ಹೊರಳಿದೆ. ಒಂದು ಕುದುರೆಯ ಕಿವಿ ಗಿಡ್ಡ, ಇನ್ನೊಂದಕ್ಕೆ ಕಟ್ಟಿಗೆಯ ಗಂಟು ಸಿಕ್ಕಿ ಕಣ್ಣು ವಾರೆಯಾಗಿದೆ. ಗಾಡಿ ಮಾಡುವವನ ಕೈ ಅದು, ಶಿಲ್ಪಿಯದಲ್ಲ. ನಮ್ಮಪ್ಪನ ಕೈ ಇದಕ್ಕಿಂತ ಸಾಫ್ ಇತ್ತು. ಹಾಗನ್ನಿಸಿದ್ದೇ ನನಗೆ ನಾಚಿಕೆಯಾಯಿತು, ಯಾಕೆಂದರೆ ಅಪ್ಪ ಬದುಕಿರುವಾಗ ಈ ಮಾತನ್ನು ಅವರಿಗೆ ಹೇಳಿರಲಿಲ್ಲ.

ಮೂರನೆಯ ದಿನ, ಹೊಲದಲ್ಲಿ

ಕಂಬ ಅಗೆಯುವವರು ಸಂಜೆಗೆ ಬರುವವರಿದ್ದರು. ಮಧ್ಯಾಹ್ನ ಕಾಕಾ, "ಮೂರ ದಿನ ಆತು, ಒಂದ ಕಬ್ಬಿನ ಗಳ ಕಾಣವಲ್ದು. ಅಕ್ಕಾರನ್ನ ಕೇಳೇಬಿಡ್ರಿ," ಎಂದು ಹಟ ಹಿಡಿದರು. ಕೇಳಿದೆ. ಕಾರೆನ್ ನಕ್ಕು ನಮ್ಮನ್ನು ಪಾರ್ಕಿನ ಹಿಂದಿನ ಹೊಲಕ್ಕೆ ಕರೆದೊಯ್ದರು. ಸಾಲು ಸಾಲಾಗಿ ಗೇಣುದ್ದದ ಹಸಿರು ಎಲೆ, ನಮ್ಮ ಮೂಲಂಗಿ ಸೊಪ್ಪಿನ ಹಾಗೆ, ಸಮುದ್ರದ ತನಕ. ಅವರು ಬಗ್ಗಿ ಒಂದು ಸಸಿಯನ್ನು ಹಿಡಿದು ಎಳೆದರು. ಬೆರಳಿನಷ್ಟು ಬಿಳಿ ಗಡ್ಡೆ ಮಣ್ಣು ಉದುರಿಸುತ್ತ ಮೇಲೆ ಬಂತು. ಬೇರಿಗೆ ಒಂದು ಎರೆಹುಳ ಸುತ್ತಿಕೊಂಡಿತ್ತು.

"ಇದು ಬೀಟ್. ನಮ್ಮ ಸಕ್ಕರೆ ಇದರಿಂದಲೇ," ಅಂದರು.

ಕಾಕಾ ಗಡ್ಡೆ ನೋಡಿದರು, ನನ್ನನ್ನು ನೋಡಿದರು. "ಮಾಸ್ತರ, ಮತ್ತ ನಾ ಚಾದಾಗ ಹಾಕ್ಕೊಂಡದ್ದು?"

"ಇದ ಇರಬೇಕ್ರಿ ಕಾಕಾ."

ಗಡ್ಡೆ, ಗೆಣಸು, ಬಟಾಟಿ ಬಿಟ್ಟು ಇಪ್ಪತ್ತು ವರ್ಷ ಕಳೆದ ಮನುಷ್ಯ! ಹೊತ್ತು ಮುಳುಗುವ ಮುಂಚೆ ಎಂದು ಎಷ್ಟೊಂದು ಸಲ ಚಹಾ ಕುಡಿದಿದ್ದರು! ನನಗೆ ತಡೆಯಲಾಗದೆ ನಗು ಬಂತು. ನಕ್ಕೆ ಕೂಡ. ಆಮೇಲೆ ನೋಡಿದರೆ ಕಾಕಾ ಹೊಲದ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ, ಕಣ್ಣಲ್ಲಿ ನೀರು. ಆ ನಗುವಿಗಾಗಿ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಕಾರೆನ್ ಗಾಬರಿಯಾದರು. "ಏನಾಯಿತು? ನಾನು ಏನಾದರೂ ತಪ್ಪು ಮಾಡಿದೆನೇ?"

"ಅಕ್ಕಾರದು ತಪ್ಪಿಲ್ಲ ಅಂತ ಹೇಳ್ರಿ," ಅಂದರು ಕಾಕಾ. "ನಂದೊಂದು ನೇಮ ಐತಿ. ಗಡ್ಡಿ ಕಿತ್ತರ ಆ ಗಿಡದ್ದು ಅಲ್ಲಿಗೇ ಮುಗೀತು. ಅದನ್ನ ನೆಚ್ಚಿದ ಹುಳಾಹುಪ್ಪಡಿದೂ ಮುಗೀತು. ಕಬ್ಬು ಹಂಗಲ್ರಿ. ಮ್ಯಾಲ ಕೊಯ್ದ್ರ ಬುಡ ಉಳೀತೈತಿ, ಮರುವರ್ಷ ಅದರಾಗಿಂದನ ಮತ್ತ ಕಬ್ಬ ಏಳತೈತಿ. ಅದಕ್ಕ ಬುಡಾ ಕೀಳೂದನ್ನ ನಾ ತಿನ್ನೂದಿಲ್ಲ."

ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ. ಕಾರೆನ್ ನಗಲಿಲ್ಲ. ಮಂಡಿಯೂರಿ, ಕೈಯಲ್ಲಿದ್ದ ಸಸಿಯನ್ನು ಅದೇ ತೂತಿನಲ್ಲಿ ಇಳಿಸಿ ಸುತ್ತ ಮಣ್ಣು ಒತ್ತಿದರು. "ಬದುಕಿದರೆ ಬದುಕಲಿ," ಅಂದರು. ಏಳಲು ಅವರಿಗೆ ನಾವಿಬ್ಬರೂ ಕೈ ಕೊಡಬೇಕಾಯಿತು.

ಅದೇ ಸಂಜೆ

ತೊಟ್ಟಿಲು ಹೋಗುತ್ತದೆ ಎಂಬ ಸುದ್ದಿ ದ್ವೀಪದಲ್ಲೆಲ್ಲ ಹಬ್ಬಿತ್ತು. ನಾವು ಪಾರ್ಕಿಗೆ ಮರಳಿದಾಗ ಜನ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಗದ್ದಲವಿಲ್ಲ. ಬೆಳಕು ಜೇನಿನ ಬಣ್ಣಕ್ಕೆ ತಿರುಗಿತ್ತು, ನೆರಳುಗಳು ಹುಲ್ಲಿನ ಮೇಲೆ ಮಾರುದ್ದ ಮಲಗಿದ್ದವು. ಕಾರೆನ್ನರ ಮಗ ಮೂವರು ಆಳುಗಳೊಂದಿಗೆ ಬಂದು, ನಡುವಿನ ಹಲಗೆ ಎತ್ತಿಸಿ, ಕಂಬದ ಬುಡದಲ್ಲಿ ಅಗೆಯಲು ಹಚ್ಚಿದ. ಸಲಿಕೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನೆಲದೊಳಗಿನ ಕಪ್ಪು ತೇವದ ಕಟ್ಟಿಗೆ ಹೊರಬಿತ್ತು. ಒಂದು ಸಣ್ಣ ಹುಡುಗಿ ಗಿಡ್ಡ ಕಿವಿಯ ಕುದುರೆಯ ಕುತ್ತಿಗೆ ತಬ್ಬಿಕೊಂಡು ಇಳಿಯಲೊಲ್ಲೆನೆಂದು ಕುಳಿತಿದ್ದಳು.

ಕಾಕಾ ಗುಂಡಿಯೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಿಲ್ಲಸಾಕ ಹೇಳ್ರಿ ಮಾಸ್ತರ," ಅಂದರು.

"ಏನ್ ನಿಲ್ಲಸೂದ್ರಿ?"

"ಇದನ್ನ ಕೀಳೂದು ಬ್ಯಾಡ. ನಾ ಒಯ್ಯೂದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ತಲಿ ನೆಟ್ಟಗ ಐತಿಲ್ರಿ ಕಾಕಾ? ಏಳು ಸಮುದ್ರ ದಾಟಿ ಬಂದೇವಿ! ಊರ ಮಂದಿ ದಾರಿ ಕಾಯಾಕತ್ತಾರ. ಅದು ಕಟಗಿ ರಿ, ಗಡ್ಡಿ ಅಲ್ಲ!"

"ಗಡ್ಡಿ ಅಲ್ಲ, ಖರೆ. ಆದ್ರ ಆ ಕೂಸಿನ ಮಾರಿ ನೋಡ್ರಿ. ನಮ್ಮಲ್ಲೆ ಎತ್ತ ನಿಂತಾಗ ಹುಡುಗೂರು ಹಿಂಗ ನಿಂತು ನೋಡ್ತಿದ್ವು. ನಮ್ಮ ಬಯಲ ತುಂಬಾಕ ಇವರ ನಡುವ ಬಯಲ ಮಾಡೂದೇನ್ರಿ? ನನ್ನಿಂದ ಆಗೂದಿಲ್ಲ."

ಕಾರೆನ್ ಹತ್ತಿರ ಬಂದು, ಕಾಕಾ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಮೂವರಲ್ಲಿ ಎರಡೂ ಭಾಷೆ ತಿಳಿದವನು ನಾನೊಬ್ಬನೇ. "ಕಂಬ ಗಟ್ಟಿಯಾಗಿದೆ ಅಂತಿದ್ದಾರೆ" ಎಂದಿದ್ದರೆ ಅಗೆತ ಮುಂದುವರಿಯುತ್ತಿತ್ತು. ತೊಟ್ಟಿಲು ಹಡಗು ಹತ್ತುತ್ತಿತ್ತು. ಊರಿನಲ್ಲಿ ನನ್ನ ಮಾನ ಉಳಿಯುತ್ತಿತ್ತು. ಆ ಸುಳ್ಳು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಕಾಕಾ ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು, ಒಂದಿಷ್ಟೂ ಸಂಶಯವಿಲ್ಲದೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ.

ಕಾರೆನ್ ಆಳುಗಳಿಗೆ ಒಂದೇ ಮಾತು ಕೂಗಿದರು. ಸಲಿಕೆ ನಿಂತವು. ಮಗ ಕೈ ಆಡಿಸುತ್ತ ಏನೇನೋ ವಾದಿಸಿದ, ಅವರು ಅವನ ಕಡೆ ತಿರುಗಲೇ ಇಲ್ಲ. ನನಗೆ ಹೇಳಿದರು: "ಯಾರಾದರೂ ಒಬ್ಬರು ಬೇಡ ಅನ್ನಲಿ ಎಂದು ಇಡೀ ಚಳಿಗಾಲ ಕಾದೆ. ನನಗೇ ಅನ್ನಲಿಕ್ಕೆ ಧೈರ್ಯ ಬರಲಿಲ್ಲ." ಆಮೇಲೆ ಕಾಕಾನ ಎರಡೂ ಕೈ ಹಿಡಿದುಕೊಂಡು ಗಳಗಳ ಅತ್ತರು. ಕಾಕಾ ಪರದೇಶದ ಹೆಂಗಸಿನ ಕೈಯಲ್ಲಿ ಕೈ ಸಿಕ್ಕಿ ಕೆಂಪಾಗಿ, "ಇರ್ಲಿ ಬಿಡ್ರಿ ಅಕ್ಕಾರ, ಇರ್ಲಿ ಬಿಡ್ರಿ" ಎನ್ನುತ್ತಲೇ ಇದ್ದರು.

ಗುಂಡಿ ಮುಚ್ಚಿ ತುಳಿದರು. ಆಗ ನಮಗೆ ಹೊಳೆದದ್ದು, ಎರಡು ದಿನ ಬಡಿದು, ಮೂಸಿ, ಅಡಿಗೆ ಮಲಗಿ ಪರೀಕ್ಷಿಸಿದ ನಾವು ಅದರ ಮೇಲೆ ಒಮ್ಮೆಯೂ ಕುಳಿತಿರಲಿಲ್ಲ. ಕಾಕಾ ಧೋತರ ಎತ್ತಿ ಕಟ್ಟಿ ಕುದುರೆ ಏರಿದರು. ಅವರ ಹಿಂದಿನದರ ಮೇಲೆ ನಾನು. ಸಾವಕಾಶ ಹೊರಟಿತು. ಕೆರೆ ಬಂತು, ಬೀಟಿನ ಹೊಲ ಬಂತು, ಸಮುದ್ರದ ಬೆಳ್ಳಿಗೆರೆ ಬಂತು, ಜನರ ಮುಖಗಳು ಬಂದವು, ಮತ್ತೆ ಕೆರೆ. ಒಂದೆರಡು ಸುತ್ತಿನ ಮೇಲೆ ಯಾವ ದೇಶ, ಯಾವ ಹೊತ್ತು ಎಂಬುದೇ ಮರೆತುಹೋಯಿತು. ಆ ಕ್ಷಣಕ್ಕೆ ಕಬ್ಬಿನ ರಸದ ವಾಸನೆ ಬಂದರೂ ನಾನು ಆಶ್ಚರ್ಯಪಡುತ್ತಿರಲಿಲ್ಲ. ಸಿಟ್ಟು ಎಲ್ಲಿ ಇಳಿದು ಹೋಯಿತೋ ತಿಳಿಯಲಿಲ್ಲ.

ಮುಂದಿನ ಕುದುರೆಯಿಂದ ಕಾಕಾ ತಿರುಗಿ ನೋಡಿದರು. ಮುಖದಲ್ಲಿ ಈಗ ಚಿಂತೆ. "ಮಾಸ್ತರ, ಊರಿಗಿ ಬರೇ ಕೈಲೆ ಹೆಂಗ ಹೋಗೂದ್ರಿ?"

"ಕುದರಿ ನಾ ಕೆತ್ತತೇನ್ರಿ," ಅಂದೆ.

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಕಾಕಾ ಮುಂದೆ ತಿರುಗಿ ಕುಳಿತರು. ಮರುದಿನ ಕಾಕಾ ಸಕ್ಕರೆಯಿಲ್ಲದ ಚಹಾ ಕುಡಿಯುತ್ತ ಟೇಪಿನ ತುದಿ ಹಿಡಿದರು, ಕಾರೆನ್ ಇನ್ನೊಂದು ತುದಿ. ನಾನು ಹನ್ನೆರಡೂ ಕುದುರೆಗಳನ್ನು ಅಳೆದು ಬರೆದುಕೊಂಡೆ.

ಮತ್ತೆ ಕುಲಗೋಡ

ಮೊದಲ ಕುದುರೆಯ ಕುತ್ತಿಗೆ ಸೊಟ್ಟಾಯಿತು. ಹತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ, ಉಳಿಯ ಮಾತು ಕೇಳಲೊಲ್ಲದು. ಎರಡನೆಯದು ಕುದುರೆಗಿಂತ ಆಡಿನ ಹಾಗೆ ಕಂಡಿತು. ಮೂರನೆಯದನ್ನು ಕೆತ್ತುವಾಗ ಒಂದು ಮಧ್ಯಾಹ್ನ ಕೈ ತಾನಾಗಿಯೇ ಅಪ್ಪನಂತೆ ಹೊರಳಿತು. ಕೆಲಸ ನಿಲ್ಲಿಸಿ ಅತ್ತೆ. ಸಾಲಿಯ ರಜೆಯಲ್ಲಿ ಎರಡು ಮೂರರ ಹಾಗೆ ಕೆತ್ತುತ್ತ, ಹನ್ನೆರಡನೆಯದು ಮುಗಿಯುವ ಹೊತ್ತಿಗೆ ಹೊಸ ಶತಮಾನದ ನಾಲ್ಕೈದು ವರ್ಷ ಕಳೆದಿದ್ದವು. ಈಗ ಬಯಲಿನ ನಡುವೆ ಜಾಲಿ ಮರದ ಕಂಬ, ಮೇಲೆ ತಗಡಿನ ಮಾಡು, ತಿರುಗಿಸಲು ಗಾಣದ ಹಳೆಯ ಮೋಟಾರು. ಎಲ್ಲ ಕುದುರೆ ಬಿಟ್ಟು ಮಕ್ಕಳು ಆ ಸೊಟ್ಟ ಕುತ್ತಿಗೆಯದಕ್ಕೇ ಜಗಳಾಡುತ್ತಾರೆ, ಯಾಕೋ ಗೊತ್ತಿಲ್ಲ.

ಕಾಕಾ ತೊಟ್ಟಿಲಿನ ಬಾಜೂ ಕಟ್ಟೆಯ ಮೇಲೆ ಕೂರುತ್ತಾರೆ. ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಮಕ್ಕಳ ಕೂಗಿನ ಮೇಲೆ ಎಷ್ಟು ಸುತ್ತಾಯಿತೆಂದು ಹೇಳುತ್ತಾರೆ. ಹೋದ ರವಿವಾರ ಹುಕ್ಕೇರಿಯ ಕಡೆಯ ಒಬ್ಬರು ಮೊಮ್ಮಗಳನ್ನು ಕುದುರೆಗೆ ಕೂರಿಸಿ ಬಂದು, ಅವರ ಪಕ್ಕದಲ್ಲಿ ಕುಳಿತರು.

"ಅಲ್ರಿ ಕಾಕಾ, ನೀವು ಪರದೇಶಕ್ಕ ಹೋಗಿ ದೊಡ್ಡ ತೊಟ್ಟಿಲಾ ಖರೀದಿ ಮಾಡಿದ್ರಿ ಅಂತಾರಲ್ರಿ. ಅದೆಲ್ಲೈತ್ರಿ?"

"ಅಲ್ಲೇ ಐತ್ರಿ," ಅಂದರು ಕಾಕಾ. "ತಿರಗಾಕತ್ತೈತಿ."